ಡಿಸ್‌ಪ್ಲೇ ಸೆಟ್ಟಿಂಗ್ಸ್ ಅವರಿಗೆ ಅಡ್ಡಬಿದ್ದು

ಯುನಿಕ್ಸ್ ಎಂಬ ಹಳೆಯ ತಂತ್ರಾಂಶ ಮನೆತನದ ಕುಡಿಯೂ, ನಮ್ಮ ಅಚ್ಚುಮನೆಯ ಕಂಪ್ಯೂಟರಿನಲ್ಲಿ ಹಲ್ಲುಚಕ್ರದ ಚಿತ್ರದ ಹಿಂದೆ ವಿರಾಜಮಾನರೂ ಆದ ಡಿಸ್‌ಪ್ಲೇ ಸೆಟ್ಟಿಂಗ್ಸ್ ಅವರ ಸನ್ನಿಧಿಗೆ,

ಮಾನ್ಯರೇ,

ಇಪ್ಪತ್ತಾರು ವರ್ಷಗಳಿಂದ ಇಲ್ಲಿ ಕರಡು ತಿದ್ದುತ್ತಿರುವ ನಾನು ತಮ್ಮ ಕ್ಷೇಮ ವಿಚಾರಿಸುವ ಧೈರ್ಯ ಮಾಡುತ್ತಿದ್ದೇನೆ. ನನ್ನ ಕ್ಷೇಮವನ್ನು ತಾವು ವಿಚಾರಿಸುವವರಲ್ಲವಾದ್ದರಿಂದ ಅದನ್ನೂ ನಾನೇ ಹೇಳಿಬಿಡುತ್ತೇನೆ.

ಕಳೆದ ತಿಂಗಳು ಮಾಲೀಕರ ಅಳಿಯಂದಿರು ಬಂದು, "ಇದು ಪುಕ್ಕಟೆ ಮಾವ, ವೈರಸ್ಸೂ ಬರಲ್ಲ" ಎಂದು ಕಂಪ್ಯೂಟರಿನ ಹಳೆಯ ವ್ಯವಸ್ಥೆಯನ್ನು ಕಿತ್ತು ತಮ್ಮನ್ನು ಪ್ರತಿಷ್ಠಾಪಿಸಿ ಹೋದಂದಿನಿಂದ ಪರದೆಯ ಅಕ್ಷರಗಳು ಸಾಸಿವೆಯಷ್ಟಾಗಿವೆ. ನನ್ನ ಕಣ್ಣಿಗೋ ಐವತ್ತೆಂಟು ವರ್ಷ. ಮದುವೆಯ ಕರೆಯೋಲೆಯೊಂದರಲ್ಲಿ 'ವಧು'ವಿನ ಕೊಂಬು ಹೋಗಿ ಎತ್ವ ಬಂದು ಕೂತದ್ದು ನನಗೆ ಕಾಣಲೇ ಇಲ್ಲ. ಬಂಧುಮಿತ್ರರು ಸಕುಟುಂಬರಾಗಿ ಬಂದು 'ವಧೆ'ಯನ್ನು ಹರಸಬೇಕೆಂದು ಐನೂರು ಪ್ರತಿಗಳಲ್ಲಿ ಕೋರಿದ್ದಾಯಿತು. ಹುಡುಗಿಯ ತಂದೆ ಇಡೀ ಕಟ್ಟನ್ನು ತಂದು ಮೇಜಿನ ಮೇಲಿಟ್ಟು ಹೋದರು. ಮಾಲೀಕರು ನನ್ನತ್ತ ತಿರುಗಿದರು: "ಕಣ್ಣು ಕಾಣ್ದಿದ್ರೆ ಹೇಳ್ಬಿಡಿ, ಬೇರೆಯವರನ್ನ ನೋಡ್ತೀನಿ."

ಆಗ ತಮ್ಮ ಬಾಗಿಲಿಗೆ ಬಂದೆ. ತಾವು ಉದಾರಿಗಳು; ಅಕ್ಷರದ ಗಾತ್ರ ನೂರು ಬೇಕೇ, ಇನ್ನೂರು ಬೇಕೇ ಎಂದಿರಿ. ನಡುವಿನ ನೂರಿಪ್ಪತ್ತೈದು ಪರ್ಸೆಂಟು ಕೇಳುವಂಥ ಅಲ್ಪರಿಗೆ ತಮ್ಮಲ್ಲಿ ಜಾಗವಿಲ್ಲ. ಇನ್ನೂರು ಒತ್ತಿದೆ. ಅಕ್ಷರಗಳು ಅಂಗಡಿಯ ಬೋರ್ಡಿನಷ್ಟಾದವು, ಆದರೆ 'ಉಳಿಸಿಕೊಳ್ಳಿ' ಎಂಬ ಗುಂಡಿ ಪರದೆಯಿಂದಾಚೆಗೆ ಹೊರಟುಹೋಯಿತು. ನಾನು ಅದನ್ನು ಹುಡುಕುತ್ತಿರುವಾಗ ತಾವು ಹದಿನೈದರಿಂದ ಹಿಂದಕ್ಕೆ ಎಣಿಸಿ ಎಲ್ಲವನ್ನೂ ಮೊದಲಿನಂತೆ ಮಾಡಿಟ್ಟಿರಿ. ಹೀಗೆ ನಾಲ್ಕು ಸಲ. ಐದನೆಯ ಸಲ ಕೈತಪ್ಪಿ 'ದಿಕ್ಕು' ಎಂಬುದನ್ನು ಒತ್ತಿದೆ; ಪರದೆಯ ಚಿತ್ರವೆಲ್ಲ ಅಡ್ಡಬಿತ್ತು, ಮತ್ತು ಆ 'ಉಳಿಸಿಕೊಳ್ಳಿ' ಗುಂಡಿ ಈಗ ನನ್ನ ಮೌಸಿನ ಬಾಣದ ಕೆಳಗೇ ಬಂದು ನಿಂತು ಒತ್ತಿಸಿಕೊಂಡಿತು. ಬೇಕಾದ್ದನ್ನು ಉಳಿಸಲು ಬಿಡದವರು ಬೇಡದ್ದನ್ನು ಉಳಿಸಿಕೊಡಲು ತೋರಿದ ಈ ಮುತುವರ್ಜಿಯನ್ನು ಯಾವ ಬಾಯಿಂದ ಹೊಗಳಲಿ? ಮೌಸನ್ನು ಮೇಲಕ್ಕೆ ತಳ್ಳಿದರೆ ಬಾಣ ಪಕ್ಕಕ್ಕೆ ಓಡುತ್ತಿತ್ತು. ಕತ್ತು ವಾಲಿಸಿಕೊಂಡೇ ಅರ್ಧ ದಿನ ಕೆಲಸ ಮಾಡಿದೆ. ಎದ್ದು ಹೇಳಿದರೆ ಕೆಲಸವೇ ಹೋದೀತೆಂಬ ಭಯ.

ಕೊನೆಗೆ ಪುಸ್ತಕ ಹೊಲಿಯುವ ಅಕ್ಕ ನನ್ನ ಹಿಂದೆ ಬಂದು ನಿಂತರು. "ಅದು ಮಲಗಿದ್ರೆ ನೀವ್ಯಾಕೆ ಮಲಗ್ತೀರಿ? ಈ ಟಿವಿನೇ ಮಲಗಿಸೋಣ ಬಿಡಿ" ಎಂದವರೇ, ಪರದೆಯ ಕಾಲು ಬಿಚ್ಚಿ, ಅದನ್ನು ಪಕ್ಕಕ್ಕೆ ಹೊರಳಿಸಿ ಕಾಗದದ ಎರಡು ಕಟ್ಟುಗಳ ಮೇಲೆ ನಿಲ್ಲಿಸಿ, ಹೊಲಿಗೆಯ ದಾರದಿಂದ ಗೋಡೆಯ ಮೊಳೆಗೆ ಬಿಗಿದರು. ಈಗ ಪರದೆಯೂ ಪುಟದ ಹಾಗೇ ಉದ್ದವಾಗಿ ನಿಂತದ್ದರಿಂದ ಇಡೀ ಪುಟ ಅದರ ತುಂಬ ಹರಡಿಕೊಂಡು, ಅಕ್ಷರಗಳು ಕಣ್ಣಿಗೆ ಹಿತವಾಗುವಷ್ಟು ದೊಡ್ಡವಾದವು. ಆ ಮಧ್ಯಾಹ್ನ ಹದಿನೇಳು ತಪ್ಪು ಹಿಡಿದೆ. ಅದರಲ್ಲೊಂದು ಮಾಲೀಕರ ಸ್ವಂತ ಹೆಸರಿನದು. ಹನ್ನೊಂದು ವರ್ಷದಿಂದ ಅಚ್ಚುಮನೆಯ ಪತ್ರಶೀರ್ಷಿಕೆಯಲ್ಲಿ ಹಾಗೇ ಅಚ್ಚಾಗುತ್ತಿತ್ತು. ಅವರು ಅದನ್ನು ಬಹಳ ಹೊತ್ತು ನೋಡಿ, ಬೇರೆಯವರನ್ನು ನೋಡುವ ಮಾತನ್ನು ಮತ್ತೆ ಎತ್ತಲಿಲ್ಲ.

ಆದ್ದರಿಂದ ನನ್ನ ಕೋರಿಕೆ ಇಷ್ಟೇ: ತಮಗೂ ಒಂದು ದಿನ ವಯಸ್ಸಾಗಲಿ, ಚಾಳೀಸಿನ ಕನ್ನಡಕ ಬರಲಿ, ಮಾತ್ರೆ ಡಬ್ಬಿಯ ಹಿಂದಿನ ಬರಹವನ್ನು ಕಿಟಕಿಯ ಬೆಳಕಿಗೆ ಹಿಡಿದು ಓದುವ ಸುಖ ಲಭಿಸಲಿ.

ಅಡ್ಡಬಿದ್ದರೂ ತಮ್ಮ ವಿಶ್ವಾಸಿಯೇ ಆದ,
ಕರಡು ತಿದ್ದುವವನು

ಮರೆತ ಮಾತು: ನಿನ್ನೆಯಿಂದ ಸಂಜೆಯಾದರೆ ಪರದೆ ತಾನಾಗಿಯೇ ಹಳದಿಗೆ ತಿರುಗುತ್ತಿದೆ. ಕಾಮಾಲೆಗೆ ತಮ್ಮಲ್ಲಿ ಯಾವ ಗುಂಡಿ ಇದೆಯೆಂದು ತಿಳಿಸುವ ತೊಂದರೆ ತೆಗೆದುಕೊಳ್ಳಬೇಡಿ. ಹುಡುಕಿ ಮುಗಿಸುವಷ್ಟರಲ್ಲಿ ಅದು ನನಗೇ ಬಂದಿರುತ್ತದೆ.