ಕಂಬಳಿಯ ಮೂಲೆ ಮತ್ತು ಕೆಂಪು ಹಾಟ್ ರಾಡ್

ನನ್ನ ಹೆಂಡತಿ ಗಂಗಾಳ ಪ್ರಕಾರ ಕಾರು ಎಂದರೆ ಅದರೊಳಗೆ ಮನುಷ್ಯ ಕೂರುವಂತಿರಬೇಕು. ಕೂರಲಾಗದ ಕಾರು ಕಾರೇ ಅಲ್ಲ, ಅಂಥದ್ದಕ್ಕೆ ಕಣ್ಣು ಕಳೆದುಕೊಳ್ಳುವ ಗಂಡಸು ಗಂಡಸೇ ಅಲ್ಲ ಎಂಬುದು ಅವಳ ಸಿದ್ಧಾಂತ. ಮದುವೆಯಾದ ಲಾಗಾಯ್ತು ಈ ವಿಷಯದ ಮೇಲೆ ನಮ್ಮ ಮನೆಯಲ್ಲಿ ವಿಚಾರ ಸಂಕಿರಣ ನಡೆಯುತ್ತಲೇ ಇದೆ. ಅಧ್ಯಕ್ಷತೆ, ಪ್ರಧಾನ ಭಾಷಣ, ವಂದನಾರ್ಪಣೆ ಎಲ್ಲವೂ ಅವಳದೇ. ನಾನು ಸಭಿಕ.

ಹೊಸದುರ್ಗದ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ಕನ್ನಡಕದ ಅಂಗಡಿ ಇದೆ. ಗಿರಾಕಿ ಬಂದಾಗ ಅವರ ಕಣ್ಣಿಗೆ ಗಾಜು ಕೂರಿಸುತ್ತೇನೆ. ಗಿರಾಕಿ ಬಾರದಾಗ (ಇದೇ ಹೆಚ್ಚು) ಅದೇ ಚಿಮಟ, ಅದೇ ಸ್ಕ್ರೂಡ್ರೈವರು, ಅದೇ ಭೂತಗನ್ನಡಿ ಹಿಡಿದು ಅಂಗೈ ಮೇಲೆ ನಿಲ್ಲುವ ಕಾರು ಕಟ್ಟುತ್ತೇನೆ. ಹಳೆಯ ಕಾಲದ ರೇಸ್ ಕಾರುಗಳು, ಹಾಟ್ ರಾಡ್‌ಗಳು. ದಯವಿಟ್ಟು ಆಟದ ಸಾಮಾನು ಅನ್ನಬೇಡಿ, ಅನ್ನುವವರು ಮನೆಯಲ್ಲೇ ಇದ್ದಾರೆ. ನಿಜವಾದ ಕಾರಿನ ಪ್ರತಿಯೊಂದು ಅಂಗವೂ ಅಳತೆ ತಪ್ಪದೆ ಇಪ್ಪತ್ತನಾಲ್ಕು ಪಟ್ಟು ಕುಗ್ಗಿ ಇದರಲ್ಲಿರುತ್ತದೆ. ಒಡೆದ ಕನ್ನಡಕದ ಚೂರು ಹೆಡ್‌ಲೈಟಾಗುತ್ತದೆ, ಹೊಲಿಗೆ ದಾರ ಪ್ಲಗ್ಗಿನ ವೈರಾಗುತ್ತದೆ, ಗಂಗಾಳ ನೇಲ್ ಪಾಲಿಶ್ ಮೈಬಣ್ಣವಾಗುತ್ತದೆ.

ಈ ಸಲ ನಾನು ಕಟ್ಟಿದ್ದು ಒಂದು ಕೆಂಪು ಹಾಟ್ ರಾಡ್. ಅಮೆರಿಕದ ಹುಡುಗರು ಒಂದಾನೊಂದು ಕಾಲದಲ್ಲಿ ಹಳೇ ಕಾರು ಕೊಂಡು, ಮಡ್‌ಗಾರ್ಡ್ ಕಿತ್ತೆಸೆದು, ಛಾವಣಿ ತಗ್ಗಿಸಿ, ಒಳಗೆ ಹಿಡಿಸದಷ್ಟು ದೊಡ್ಡ ಎಂಜಿನ್ ತಂದು ಬಾನೆಟ್ಟಿಲ್ಲದೆ ಕೂರಿಸಿ ಧೂಳೆಬ್ಬಿಸುತ್ತಿದ್ದರಲ್ಲ, ಅದೇ ಹಾಟ್ ರಾಡ್.

"ಬಾನೆಟ್ ಇಲ್ಲ, ಮಡ್‌ಗಾರ್ಡ್ ಇಲ್ಲ. ಆಕ್ಸಿಡೆಂಟ್ ಆಗಿರೋ ಕಾರು ನೋಡ್ಕಂಡು ಮಾಡಿದ್ರಾ?" ಎಂದಳು ಗಂಗಾ.

"ಇದು ವೇಗದ ಸೌಂದರ್ಯ ಕಣೇ."

"ಅಂಗಡಿ ಬಾಗ್ಲು ತೆಗೆಯೋದ್ರಾಗೆ ತೋರ್ಸ್ರಿ ಆ ವೇಗಾನ."

ಎಲ್ಲ ಮುಗಿದ ಮೇಲೆ ಒಂದೇ ಕೊರತೆ ಉಳಿಯಿತು. ಕಾರಿನ ಒಳನೆಲ ಬೋಳಾಗಿತ್ತು. ನಿಜವಾದ ಹಾಟ್ ರಾಡ್‌ನಲ್ಲಿ ಉಣ್ಣೆಯ ಕಾರ್ಪೆಟ್ ಇರುತ್ತದೆ. ಚಿತ್ರದುರ್ಗದಲ್ಲಿ ಪುಟ್ಟ ಮಾದರಿಗಳ ಪ್ರದರ್ಶನವೊಂದು ನಿಗದಿಯಾಗಿತ್ತು, ಬೆಂಗಳೂರಿನಿಂದ ತೀರ್ಪುಗಾರರು ಬರುವವರಿದ್ದರು. ಅವರು ಬಾಗಿಲಿನೊಳಗೆ ಟಾರ್ಚ್ ಬಿಟ್ಟು ನೋಡುವ ಜಾತಿ. ಅಂಥ ಹೊತ್ತಿನಲ್ಲಿ ನನಗೊಂದು ದಿವ್ಯಜ್ಞಾನ ಉಂಟಾಯಿತು. ಬೀರುವಿನ ತಳದಲ್ಲಿ ಬೇವಿನ ಸೊಪ್ಪಿನ ನಡುವೆ ಒಂದು ಹಳೇ ಕರಿ ಕಂಬಳಿ ಯಾರಿಗೂ ಬೇಡವಾಗಿ ಮಲಗಿತ್ತು. ಅದರ ಒಂದು ಮೂಲೆಯನ್ನು ಅಂಗೈಯಗಲ ಕತ್ತರಿಸಿದೆ. ಕತ್ತರಿಯಲ್ಲಿ ನುಣ್ಣಗಾಗಲಿಲ್ಲ. ಗಂಗಾ ನೀರು ಹಿಡಿಯಲು ಹೋಗಿದ್ದಾಗ ಮಿಕ್ಸಿಗೆ ಹಾಕಿ ರುಬ್ಬಿದೆ. ಕಾರಿನ ನೆಲಕ್ಕೆ ಅಂಟು ಬಳಿದು, ಆ ಪುಡಿ ಉದುರಿಸಿ, ಉಫ್ ಎಂದು ಊದಿದೆ. ಆಹಾ! ಅರಮನೆಯ ರತ್ನಗಂಬಳಿಯೂ ನಾಚಬೇಕು.

ಮರುದಿನ ಗಂಗಾ ಊಟದ ತಟ್ಟೆಯ ಮುಂದೆ ಕೂತು ಕಿರುಚಿದಳು.

"ಏನ್ರೀ ಇದು, ಶೇಂಗಾ ಚಟ್ನಿಗೆ ಮೀಸೆ ಬಂದೈತೆ!"

"ನಿನ್ನ ಕೂದಲೇ ಇರಬೇಕು."

"ನನ್ ಕೂದ್ಲು ಮೊಳದುದ್ದ ಐತೆ. ಇದು ಅಕ್ಕಿಕಾಳಷ್ಟು. ಈ ಮನೇಲಿ ಇಷ್ಟುದ್ದ ಕೂದ್ಲಿರೋರು ನೀವೊಬ್ರೆ."

ಆ ಅಪವಾದವನ್ನು ನಾನು ಸಂತೋಷದಿಂದ ಹೊತ್ತುಕೊಂಡೆ. ಅಂದಿನಿಂದ ಊಟಕ್ಕೆ ಕೂರುವಾಗ ಮಂಕಿ ಟೋಪಿ ಹಾಕಿಕೊಳ್ಳಬೇಕೆಂದು ಆಜ್ಞೆಯಾಯಿತು. ಏಪ್ರಿಲ್ ತಿಂಗಳ ಸೆಖೆಯಲ್ಲಿ ಮಂಕಿ ಟೋಪಿ ಹಾಕಿಕೊಂಡು ಬಿಸಿ ಸಾರನ್ನ ಉಂಡ ಗಂಡಸು ಇಡೀ ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು.

ಅಷ್ಟರಲ್ಲಿ ನಮ್ಮ ಅತ್ತೆ ಯಲ್ಲಕ್ಕನವರ ಫೋನು ಬಂತು. ಅವರು ಶ್ರೀರಾಂಪುರದ ಆಚೆ ಒಂದು ಹಳ್ಳಿಯಲ್ಲಿ ಕುರಿ ಸಾಕಿಕೊಂಡಿದ್ದಾರೆ. ಕುರಿಗಳ ಜೊತೆ ಮಾತಾಡಿ ರೂಢಿಯಾಗಿರುವುದರಿಂದ ಫೋನಿನಲ್ಲೂ ಒಂದು ಫರ್ಲಾಂಗ್ ದೂರಕ್ಕೆ ಕೇಳುವಂತೆ ಮಾತಾಡುತ್ತಾರೆ.

"ಗಂಗೀ, ಸುದೀಪಂದು ವೀಳ್ಯಶಾಸ್ತ್ರ ಬರೋ ಐತ್ವಾರ ಮಾಡಾಣ ಅಂತ ಆಗೈತೆ. ಮಾರಿಕಣಿವೆ ಕಡೇ ಬೀಗ್ರು. ನೀವಿಬ್ರೂ ಮುಂಚೇನೇ ಬರ್ರಿ. ಗದ್ದಿಗೆ ಕಂಬ್ಳಿ ಮರೀಬ್ಯಾಡ್ರಿ!"

ಸುದೀಪ ಗಂಗಾಳ ತಮ್ಮ. ಹೆಣ್ಣು ಹುಡುಕಿ ಹುಡುಕಿ ಸುಸ್ತಾಗಿ, ಈಗ ಹೇಗೋ ಒಂದು ಕಡೆ ಒಪ್ಪಿಗೆಯಾಗಿತ್ತು. ನಾನು ಸಲೀಸಾಗಿ ಕೇಳಿದೆ, "ಗದ್ದಿಗೆ ಕಂಬಳಿ ಅಂದರೆ ಯಾವುದು?"

"ಬೀರುವಾಗೆ ಇಟ್ಟಿದೀನಲ್ರೀ, ಕರೇದು. ಅಪ್ಪ ತನ್ ಕುರಿ ಉಣ್ಣೇಲೇ ನೇಯ್ಸಿದ್ದು. ಅವ್ವನ ಮನೇಲಿ ಇಲಿ ಕಾಟ ಅಂತ ನಾನಿಟ್ಕಂಡಿದೀನಿ. ನಮ್ಮನೇಲಿ ಏನೇ ಶುಭ ಆಗ್ಲಿ, ಅದನ್ನ ಹಾಸಿ ಅದರ ಮೇಲೆ ದೇವ್ರನ್ನ ಕುಂದ್ರಿಸ್ಬೇಕು. ನಮ್ ಮದ್ವೇಲೂ ಅದರ ಮುಂದೇನೇ ಅಲ್ವಾ ನೀವು ತಾಳಿ ಕಟ್ಟಿದ್ದು!"

ಹೌದು, ಕಟ್ಟಿದ್ದೆ. ಆದರೆ ತಾಳಿ ಕಟ್ಟುವ ಹೊತ್ತಿನಲ್ಲಿ ಯಾವ ಗಂಡಸು ನೆಲಕ್ಕೆ ಏನು ಹಾಸಿದ್ದಾರೆ ಅಂತ ನೋಡುತ್ತಾನೆ, ನೀವೇ ಹೇಳಿ. ನಮ್ಮದೂ ಕುರಿ ಕಾಯ್ದ ವಂಶವೇ. ಆದರೆ ನನ್ನ ಕಾಲಕ್ಕೆ ಕುರಿ ಎನ್ನುವುದು ಭಾನುವಾರ ಮಾತ್ರ ಕಾಣುವ ಪದಾರ್ಥವಾಗಿತ್ತು.

ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಗಂಗಾ ತೀರಿಹೋದ ಅಪ್ಪನ ವಿಷಯ ಬಂದಾಗ ಮಾತ್ರ ಜಗಳವಾಡುವುದಿಲ್ಲ, ಸುಮ್ಮನೆ ಅಳುತ್ತಾಳೆ. ಅವಳ ಜಗಳಕ್ಕೆ ನಾನು ಹೆದರುವುದಿಲ್ಲ (ಸುಳ್ಳು, ಹೆದರುತ್ತೇನೆ), ಅಳುವಿಗೆ ಇನ್ನೂ ಹೆಚ್ಚು ಹೆದರುತ್ತೇನೆ. ಅದಲ್ಲದೆ ನನ್ನೊಳಗಿನ ಕಲಾವಿದ ಎದ್ದು ಕೂತಿದ್ದ. ಕಾರಿಗೇ ಕಾರ್ಪೆಟ್ ಮಾಡಿದವನಿಗೆ ಕಂಬಳಿಗೊಂದು ಮೂಲೆ ಮಾಡುವುದು ಯಾವ ಮಹಾ? ಮಂಕಿ ಟೋಪಿ ಬಿಚ್ಚಿ ಉಣ್ಣೆ ತೆಗೆದೆ. ಎಳೆ ಎಳೆಯಾಗಿ ಜೋಡಿಸಿ, ಕಾರಿನ ಅಂಟಿನಲ್ಲೇ ಅಂಟಿಸಿ, ಮೇಲೆ ಒಂದಿಷ್ಟು ಕಾಡಿಗೆ ಸವರಿದೆ. ನೋಡುವುದಕ್ಕೆ ಅಸಲಿ ಮೂಲೆಗಿಂತ ಅಸಲಿಯಾಗಿತ್ತು. ಒಣಗಿದ ಮೇಲೆ ಸ್ವಲ್ಪ ಗಟ್ಟಿಯಾಯಿತು, ಅಷ್ಟೆ.

ಭಾನುವಾರ ಒಂದು ಕಂಕುಳಲ್ಲಿ ಕಂಬಳಿ, ಇನ್ನೊಂದು ಕೈಯಲ್ಲಿ ಹತ್ತಿ ಹಾಸಿದ ಸಿಹಿತಿಂಡಿ ಡಬ್ಬಿಯೊಳಗೆ ಕಾರು ಹಿಡಿದು ಬಸ್ ಹತ್ತಿದೆ. ಪ್ರದರ್ಶನವೂ ಅದೇ ಸಂಜೆ. ಊಟ ಮುಗಿಸಿ ಶ್ರೀರಾಂಪುರಕ್ಕೆ ಬಂದು ಬಸ್ ಹಿಡಿದರೆ ಹೊತ್ತಿಗೆ ಸರಿಯಾಗಿ ಚಿತ್ರದುರ್ಗ ಸೇರಬಹುದು ಎಂಬುದು ನನ್ನ ಲೆಕ್ಕ.

"ತಮ್ಮನ ಶಾಸ್ತ್ರಕ್ಕೆ ಬರೋದು ನೆಪ, ನಿಮ್ ಗ್ಯಾನ ಎಲ್ಲಾ ಆ ಡಬ್ಬೀ ಮೇಲೈತೆ," ಎಂದಳು ಗಂಗಾ. ನನ್ನ ಗ್ಯಾನ ಇದ್ದದ್ದು ಕಂಕುಳಿನ ಮೇಲೆ.

ಅತ್ತೆಯ ಮನೆ ತುಂಬಿತ್ತು. ಬೀಗರ ಮುಖಂಡ ಹುಡುಗಿಯ ಸೋದರಮಾವ ಗೊಲ್ಲಪ್ಪನವರು. ನಮ್ಮ ಕಡೆ ಊರಿನ ಹಿರಿಯರಾದ ದೊಡ್ಡತಿಮ್ಮಪ್ಪನವರು. ಅವರ ಮೂಗಿನ ಮೇಲೆ ನಾನೇ ಕೊಟ್ಟ ಕನ್ನಡಕವಿತ್ತು. ಇವರಿಗೆ ಅಷ್ಟು ಸ್ಪಷ್ಟವಾಗಿ ಕಾಣುವ ಗಾಜು ಕೊಡಬಾರದಾಗಿತ್ತು ಎಂದು ಮೊದಲ ಬಾರಿಗೆ ಅನಿಸಿತು.

"ಬರ್ರಿ ಬರ್ರಿ, ನಾಕ್ ಮೂಲೆ ನಾಕ್ ಜನ ಹಿಡೀರಿ. ನಮ್ಮೋರಿಬ್ರು, ಬೀಗ್ರು ಕಡೆಯೋರಿಬ್ರು. ಎಳದು ಹಾಸಾಣ," ಎಂದರು ದೊಡ್ಡತಿಮ್ಮಪ್ಪ.

ಎಳೆಯುವುದೇ? ಈ ಭಾಗ ನನಗೆ ಯಾರೂ ಹೇಳಿರಲಿಲ್ಲ. ಉಳಿದ ಮೂರು ಮೂಲೆ ಯಾರಾದರೂ ಹಿಡಿಯಲಿ, ಆ ಒಂದನ್ನು ನಾನೇ ಹಿಡಿಯೋಣವೆಂದು ಹಾರಿದೆ. ಅಷ್ಟರಲ್ಲಿ ಗೊಲ್ಲಪ್ಪನವರು ಹಿಡಿದಾಗಿತ್ತು. ಎಳೆದರು. ಟಕ್ ಎಂದಿತು. ಕಂಬಳಿ ಒಂದು ಕಡೆ, ಮೂಲೆ ಗೊಲ್ಲಪ್ಪನವರ ಕೈಯಲ್ಲಿ.

"ಇದೇನ್ರಪ್ಪಾ, ಕಂಬ್ಳಿ ಹಪ್ಳದಂಗೆ ಮುರೀತು!"

ಹುಡುಗಿಯ ಕಡೆಯ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಗೊಲ್ಲಪ್ಪನವರು ಮೂಲೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ನಮ್ ಹುಡುಗಿ ಕಾಲಿಡಾಕೂ ಮುಂಚೆ ನಿಮ್ ಗದ್ದಿಗೆ ಮುರೀತು ಅಂದ್ರೆ ಏನರ್ಥ? ನಮ್ ಕೈಯಾಗೇ ಮುರೀಬೇಕಿತ್ತಾ? ಇದೆಲ್ಲಾ ಸರಿಯಿಲ್ಲ ಅನ್ನೋದಾದ್ರೆ ಹೇಳ್ರಿ, ಎದ್ದು ಹೋಗಾಣ."

ಸುದೀಪನ ಮುಖ ನೋಡಲಾಗಲಿಲ್ಲ. ಅತ್ತೆ ಮಾತೇ ಆಡದೆ ಗಂಡನ ಕಂಬಳಿಯನ್ನು ಎದೆಗೆ ಎಳೆದುಕೊಂಡು ನಿಂತಿದ್ದರು. ಒಂದು ಫರ್ಲಾಂಗ್ ದೂರಕ್ಕೆ ಕೇಳುವ ಗಂಟಲು ಹಾಗೆ ಸುಮ್ಮನಾದದ್ದನ್ನು ನಾನು ಎಂದೂ ಕಂಡಿರಲಿಲ್ಲ. ನನ್ನಂಥ ಮೂರ್ಖ ಇನ್ನೊಬ್ಬನಿಲ್ಲ ಅನಿಸಿತು. ಗಂಗಾ ನನ್ನನ್ನೇ ನೋಡುತ್ತಿದ್ದಳು.

"ಕಂಬಳಿದೇನೂ ತಪ್ಪಿಲ್ಲ," ಎಂದೆ. "ಮೂಲೆ ಕತ್ತರಿಸಿದ್ದು ನಾನು. ಈಗ ಮುರಿದದ್ದು ನನ್ನ ಮಂಕಿ ಟೋಪಿ."

ದೊಡ್ಡತಿಮ್ಮಪ್ಪನವರು ಕನ್ನಡಕ ಸರಿಮಾಡಿಕೊಂಡರು. "ಅಸಲಿ ಮೂಲೆ ಎಲ್ಲೈತೆ? ಸುಟ್ಟಿದ್ರೆ, ಬಿಸಾಕಿದ್ರೆ ಗದ್ದಿಗೆ ಇಲ್ಲ. ತುಂಡು ಇದ್ರೆ ತಂದು ಪಕ್ಕದಾಗೆ ಇಡು. ಎಲ್ಲಾ ಒಂದ್ ಕಡೆ ಸೇರಿದ್ರೆ ಮುರಿದಂಗಲ್ಲ."

"ಐತೆ. ಆದರೆ ರುಬ್ಬಿದೀನಿ."

"ಏನ್ ಮಾಡ್ದೆ?"

"ಮಿಕ್ಸಿಗೆ ಹಾಕಿದ್ದೆ."

"ಯಾವ ಮಿಕ್ಸಿ?" ಗಂಗಾಳ ಧ್ವನಿ ಏರಿತು. "ರೀ, ಆವತ್ತಿನ ಚಟ್ನಿ..."

ನಾನು ತಲೆ ತಗ್ಗಿಸಿ ಡಬ್ಬಿಯ ಮುಚ್ಚಳ ತೆಗೆದೆ. "ಮೂಲೆ ಇದರ ನೆಲದ ಮೇಲೈತೆ."

ಹಿರಿಯರಿಬ್ಬರೂ ಬಗ್ಗಿದರು. ಗೊಲ್ಲಪ್ಪನವರು ಬಹಳ ಹೊತ್ತು ನೋಡಿ, "ಇದರ ಎಂಜಿನ್ ಯಾಕೆ ಹೊರಗೆ ಬಂದೈತೆ?" ಎಂದರು. ನನ್ನ ಜೀವಮಾನದಲ್ಲಿ ಆ ಪ್ರಶ್ನೆಯನ್ನು ಆಸ್ಥೆಯಿಂದ ಕೇಳಿದ ಮೊದಲ ಮನುಷ್ಯ! ನಾನು ಉತ್ಸಾಹದಿಂದ, "ಅದೇ ನೋಡ್ರಿ ಹಾಟ್ ರಾಡ್‌ನ ಲಕ್ಷಣ, ಇದರ ಕಾರ್ಬುರೇಟರ್..." ಎಂದು ಶುರುಮಾಡಿದೆ.

"ರೀ, ಎಂಜಿನ್ ಪುರಾಣ ಆಮೇಲೆ!" ಎಂದಳು ಗಂಗಾ.

ಅತ್ತೆ ಮುಂದೆ ಬಂದು ಕಾರಿನೊಳಗೆ ಕಿರುಬೆರಳು ತೂರಿಸಿ ನೆಲ ಸವರಿದರು. ಮತ್ತೊಮ್ಮೆ ಸವರಿದರು. "ನಮ್ ಕುರೀ ಉಣ್ಣೇನೇ," ಎಂದರು ಮೆಲ್ಲಗೆ. "ಅವ್ರ ಕಂಬ್ಳೀನೇ ಐತೆ."

"ಪೂರಾ ಐತಾ?" ದೊಡ್ಡತಿಮ್ಮಪ್ಪ ಕೇಳಿದರು.

"ಒಂದು ಚೂರು... ನಾವು ಚಟ್ನಿಯಲ್ಲಿ ತಿಂದೀವಿ."

ಅವರು ಯೋಚಿಸಿದರು.

"ತಿಂದೋರಿಬ್ರೂ ಇಲ್ಲೇ ಅವ್ರಲ್ಲ. ಸರಿಹೋತು. ಏನಂತೀರಿ ಗೊಲ್ಲಪ್ನೋರೆ?"

ಗೊಲ್ಲಪ್ಪನವರು ಮೊದಲು ಮೀಸೆಯಡಿ ನಕ್ಕರು, ಆಮೇಲೆ ಹೊಟ್ಟೆ ಕುಣಿಸಿ ನಕ್ಕರು. "ನಡೀರಿ, ನಡೀರಿ. ಇಂಥ ಅಳಿಯನ್ನ ತಡಕಂಡಿರೋ ಮನೆ ಅಂದ್ರೆ ನಮ್ ಹುಡುಗೀನೂ ಚೆಂದಾಗೇ ನೋಡ್ಕಂತಾರೆ."

ಆಗ ನನಗಾದ ಸಮಾಧಾನವನ್ನು ಏನೆಂದು ಹೇಳಲಿ! ಅಲ್ಲೇ ಗೋಡೆಗೆ ಒರಗಿದೆ. ಕಂಬಳಿ ಹಾಸಿದರು. ಮೂಲೆಯಿಲ್ಲದ ಜಾಗದಲ್ಲಿ ಕಾರು ನಿಲ್ಲಿಸಿದರು. ಅಕ್ಕಿ, ಕಳಶ, ವೀಳ್ಯದೆಲೆ ಎಲ್ಲ ಬಂದವು. ಆಮೇಲೆ ಭಂಡಾರವೂ ಬಂತು. ಅತ್ತೆ ಮುಷ್ಟಿ ತುಂಬ ಅರಿಶಿನದ ಪುಡಿ ತೆಗೆದು ಕಂಬಳಿಯ ಮೇಲೂ ಕಾರಿನ ಮೇಲೂ ಎರಚಿದರು. ನಾನು ತಿಂಗಳುಗಟ್ಟಲೆ ಉಜ್ಜಿ ಹೊಳಪು ಕೊಟ್ಟ ಕೆಂಪು ಮೈ ಹಳದಿಯಾಯಿತು, ಕಾರ್ಬುರೇಟರ್ ತುಂಬಿತು. ನನ್ನ ಬಾಯಿಂದ ಒಂದು ನರಳಿಕೆ ಹೊರಟಿತು. ಭಕ್ತಿಯಿಂದ ಎಂದುಕೊಂಡು ಪಕ್ಕದ ಹೆಂಗಸೊಬ್ಬರು ಕೈಮುಗಿದರು.

ಶಾಸ್ತ್ರ ಸಾಂಗವಾಗಿ ಮುಗಿಯಿತು. ಹೋಳಿಗೆ ಊಟವೂ ಆಯಿತು. ಬ್ರಷ್ಷಿನಲ್ಲಿ ಅರಿಶಿನ ಕೊಡವಿದರೆ ಇನ್ನೂ ಪ್ರದರ್ಶನಕ್ಕೆ ಹೋಗಬಹುದು ಎಂದುಕೊಂಡು ಡಬ್ಬಿ ಹಿಡಿದು ಹೋದೆ. ಗದ್ದಿಗೆಯ ಮೇಲೆ ಕಾರಿರಲಿಲ್ಲ. ದೇವರ ಗೂಡಿನಲ್ಲಿತ್ತು. ಮುಂದೆ ದೀಪ, ರೇಡಿಯೇಟರಿಗೆ ಕುಂಕುಮ. ನಾನು ಕನ್ನಡಕದ ಚರ್ಮದ ಚೀಲ ಕತ್ತರಿಸಿ ಹೊಲಿದಿದ್ದ ಡ್ರೈವರ್ ಸೀಟಿನಲ್ಲಿ ದೇವರ ರೂಪದಲ್ಲಿ ಒಂದು ಗೋಟಡಿಕೆ ಗಂಭೀರವಾಗಿ ಕೂತಿತ್ತು.

"ಅತ್ತೇ, ಕಾರು... ದುರ್ಗಕ್ಕೆ ಒಯ್ಯಬೇಕಿತ್ತು."

"ಏನ್ ಮಾತು ಅಂತ ಆಡ್ತೀರಿ? ಗದ್ದಿಗೆ ಕಂಬ್ಳಿ ಹಾಸಿದ್ ಕಡೆ ದೇವ್ರು ಕುಂತಾಯ್ತು. ಕುಂತ ದೇವ್ರನ್ನ ಎಬ್ಬುಸ್ತಾರೇನ್ರಿ?"

ಸಹಾಯಕ್ಕಾಗಿ ಗಂಗಾಳ ಕಡೆ ನೋಡಿದೆ. ಅವಳ ಕಣ್ಣು ಒದ್ದೆಯಾಗಿತ್ತು, ಆದರೆ ಬಾಯಿ ನಗುತ್ತಿತ್ತು. "ನೋಡಿದ್ರಾ? ಕೊನೆಗೂ ಒಬ್ರು ಕೂರೋ ಕಾರು ಮಾಡಿದ್ರಿ. ಸುಮ್ನೆ ಅಡ್ಡಬೀಳ್ರಿ."

ನಾನೇ ಕಟ್ಟಿದ ಕಾರಿಗೆ ನಾನೇ ಅಡ್ಡಬಿದ್ದೆ. ಗೂಡು ನೆಲಮಟ್ಟದಲ್ಲಿತ್ತು. ಇಷ್ಟು ದಿನ ಕಾರನ್ನು ಮೇಲಿನಿಂದ, ಭೂತಗನ್ನಡಿಯಿಂದ ನೋಡಿದ್ದೆನೇ ಹೊರತು ಹೀಗೆ ಗದ್ದ ನೆಲಕ್ಕೂರಿ ನೋಡಿರಲಿಲ್ಲ. ನೋಡಿದೆ. ಮುಂದಿನ ಎಡ ಚಕ್ರ ನೆಲ ಮುಟ್ಟಿರಲಿಲ್ಲ! ದೀಪದ ಬೆಳಕು ಅದರ ಕೆಳಗಿನಿಂದ ಧಾರಾಳವಾಗಿ ಹಾಯುತ್ತಿತ್ತು. ಕಾರು ಕಟ್ಟುವವರಲ್ಲಿ ಇದಕ್ಕಿಂತ ದೊಡ್ಡ ಮಾನಭಂಗವಿಲ್ಲ. ತೀರ್ಪುಗಾರರು ಮೊಟ್ಟಮೊದಲು ಬಗ್ಗಿ ನೋಡುವುದೇ ನಾಲ್ಕು ಚಕ್ರ ನೆಲಕ್ಕೆ ಕೂತಿವೆಯೇ ಎಂದು. ಕಾರ್ಪೆಟ್‌ವರೆಗೂ ಬರುತ್ತಲೇ ಇರಲಿಲ್ಲ, ಅಲ್ಲಿಂದಲೇ ನಕ್ಕು ಮುಂದಿನ ಮೇಜಿಗೆ ಹೋಗುತ್ತಿದ್ದರು. ಸದ್ಯ! ದುರ್ಗದ ಮಂದಿಯ ಮುಂದೆ ಹೋಗಬೇಕಿದ್ದ ಮಾನ ಈ ಗೂಡಿನಲ್ಲಿ ಉಳಿಯಿತು. ಆ ಸಂತೋಷದಲ್ಲಿ ಇನ್ನೊಮ್ಮೆ ಮನಸಾರೆ ಅಡ್ಡಬಿದ್ದೆ.

ಆದರೂ ಚಪಲ ಬಿಡಬೇಕಲ್ಲ. "ಅತ್ತೇ, ಒಂದು ಚಕ್ರ ನೆಲಕ್ಕೆ ಮುಟ್ಟಿಲ್ಲ. ಒಂದೇ ಒಂದು ನಿಮಿಷ ಕೊಟ್ಟರೆ ಸರಿಮಾಡಿಕೊಡ್ತೀನಿ," ಎಂದು ಚಿಮಟ ತೆಗೆದೆ.

ಅತ್ತೆ ನನ್ನ ಕೈಮೇಲೆ ಫಟ್ ಎಂದು ಹೊಡೆದರು.

"ದೇವ್ರು ಕುಂತಿರೋ ಗಾಡಿ ನೆಲ ಮುಟ್ತೈತೇನ್ರಿ? ಅಷ್ಟೂ ತಿಳಿಯಲ್ವಾ ನಿಮ್ಗೆ!"