ಅಪ್ಪನ ನಂಬರಿಗೆ ಬಂದ ನೆಮ್ಮದಿ

ಕಾಲೇಜು ಸೇರುವಾಗ ಅರ್ಜಿಯಲ್ಲಿ ಅಪ್ಪನ ಮೊಬೈಲ್ ನಂಬರು ಬರೆದದ್ದೇ ಸ್ಪಂದನ ಮಾಡಿದ ತಪ್ಪು. ಎಲ್ಲ ಮಕ್ಕಳೂ ಹಾಗೇ ಬರೆಯುತ್ತಾರೆ, ಯಾರಿಗೂ ಏನೂ ಆಗುವುದಿಲ್ಲ. ಆದರೆ ಎರಡು ತಿಂಗಳಿಂದ ನಿದ್ದೆಯಿಲ್ಲದೆ, ಪುಸ್ತಕ ಹಿಡಿದರೆ ಎದೆ ಡವಗುಟ್ಟುತ್ತಿದ್ದ ಈ ಹುಡುಗಿ ವಿಶ್ವವಿದ್ಯಾಲಯದ ಕ್ಷೇಮ ಕೇಂದ್ರದಲ್ಲಿ ಗುಟ್ಟಾಗಿ ಹೆಸರು ಬರೆಸಿದ್ದಳು. ‘ನಿದ್ದೆ ಬಾರದ ಬಗ್ಗೆ ಆಪ್ತ ಸಮಾಲೋಚನೆ, ಇಂದು ನಾಲ್ಕಕ್ಕೆ. ಈ ಸಂದೇಶ ತೋರಿಸಿ. ಮನೆಯವರೂ ಬರಬಹುದು’ ಎಂಬ ಕೇಂದ್ರದ ಸಂದೇಶ ಬೆಳಿಗ್ಗೆ ಅರ್ಜಿಯಲ್ಲಿದ್ದ ಆ ನಂಬರಿಗೆ, ಅಪ್ಪ ಕಾಂತರಾಜುವಿನ ಫೋನಿಗೆ ಬಂತು. ಆಪ್ತ ಸಮಾಲೋಚನೆ ಎಂದರೇನೆಂದು ತಿಳಿಯದೆ ಆತ ಅದನ್ನು ಚಂದ್ರಾ ಲೇಔಟಿನ ತಮ್ಮ ಬೀದಿಯ ವಾಟ್ಸಾಪ್ ಗುಂಪಿಗೆ ಹಾಕಿ, ಬಿನ್ನಿಪೇಟೆಯ ಅಂಗಡಿ ಕೆಲಸಕ್ಕೆ ಹೊರಟುಹೋದ.

ಹತ್ತು ನಿಮಿಷಕ್ಕೆ ಬೀದಿಯೇ ಬಾಗಿಲಿಗೆ ಬಂತು. ಅಜ್ಜಿ ಹನುಮಕ್ಕ ಒಣಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದಳು. ಬಂದವರೆಲ್ಲ ಕೆಮ್ಮುತ್ತಿದ್ದರೂ ಘಾಟೇ ಬರಲಿಲ್ಲ, ಭಾರೀ ದೃಷ್ಟಿಯಾಗಿದೆ ಎಂದು ಸಾಧಿಸಿದಳು. ಎದುರುಮನೆಯ ನಿವೃತ್ತ ಮೇಷ್ಟ್ರು ವಿಶ್ವಾರಾಧ್ಯರು ಆ ಘಾಟಿನಲ್ಲೇ ಪ್ರಾಣಾಯಾಮ ಮಾಡಿಸಿದರು. ಮಹಡಿಮನೆಯ ಭಾಗವ್ವ, ಎಲ್ಲಕ್ಕೂ ಮೊಬೈಲೇ ಕಾರಣವೆಂದು ಸ್ಪಂದನಳ ಫೋನ್ ಕಿತ್ತುಕೊಂಡು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟಳು. ನಿನಗೇನಾಗಿದೆ ಎಂದು ಪ್ರತಿಯೊಬ್ಬರೂ ಕೇಳಿದರು. ಉತ್ತರ ಕೇಳುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಪಾಪ, ಹುಡುಗಿಗೆ ಅಳುವೇ ಬಂತು.

ಮಧ್ಯಾಹ್ನ ಮೂರು ದಾಟಿದ ಮೇಲೆ ಹೇಗೋ ಹಿತ್ತಿಲ ಬಾಗಿಲಿಂದ ತಪ್ಪಿಸಿಕೊಂಡು, ಆಟೋ ಹಿಡಿದು ಅವಳು ಕೇಂದ್ರ ಮುಟ್ಟಿದಾಗ ನಾಲ್ಕೂಕಾಲು.

“ನಾಲ್ಕು ಗಂಟೆಯ ಮೆಸೇಜ್ ತೋರ್ಸಿದವರು ಆಗ್ಲೇ ಒಳಗೆ ಹೋದ್ರಲ್ಲಮ್ಮ,” ಎಂದ ಜವಾನ ದ್ಯಾಮಪ್ಪ. “ಇನ್ನು ಖಾಲಿ ಇರೋದು ಮುಂದಿನ ತಿಂಗಳೇ.”

ಅವಳು ಬೆಂಚಿನ ಮೇಲೆ ಕುಸಿದು ಕೂತಳು. ಐದಕ್ಕೆ ಬಾಗಿಲು ತೆರೆಯಿತು. ಕಣ್ಣೊರೆಸಿಕೊಳ್ಳುತ್ತ ಹೊರಬಂದವನು ಕಾಂತರಾಜು.

“ನಿನಗೇನಾಗಿದೆ ಅಂತ ಕೇಳೋಣ ಅಂತ ಬಂದೆ ಕಣೇ. ಆ ಮೇಡಂ, ನೀವು ಹೇಗಿದೀರಿ ಅಂದ್ಬಿಟ್ರು. ಇಪ್ಪತ್ತು ವರ್ಷದಲ್ಲಿ ಯಾರೂ ನನ್ನ ಹಾಗೆ ಕೇಳಿರ್ಲಿಲ್ಲ.”

ಅಪ್ಪ ಅತ್ತದ್ದನ್ನು ಸ್ಪಂದನ ಎಂದೂ ಕಂಡವಳಲ್ಲ. ಅವಳ ಸಿಟ್ಟೆಲ್ಲ ಇಳಿದುಹೋಯಿತು. ಇನ್ನಾದರೂ ಅಪ್ಪನಿಗೆ ತನ್ನ ಕಷ್ಟ ಅರ್ಥವಾದೀತು ಎನ್ನಿಸಿ, “ಅಪ್ಪಾ, ನನಗೂ ಸ್ವಲ್ಪ ಹೇಳ್ಕೋಬೇಕು,” ಎಂದಳು.

“ಅದನ್ನೇ ಮೇಡಮ್ಮೂ ಹೇಳಿದ್ದು. ಮನಸಲ್ಲಿರೋದನ್ನ ಮನೇಲೇ ಯಾರಿಗಾದ್ರೂ ಹೇಳ್ಕೋಬೇಕಂತೆ.” ಕಾಂತರಾಜು ಮಗಳ ಹೆಗಲ ಮೇಲೆ ಕೈಯಿಟ್ಟ. “ಇವತ್ತಿಂದ ದಿನಾ ಊಟ ಆದ್ಮೇಲೆ ಎರಡು ಗಂಟೆ ನಿನ್ ಹತ್ರ ಹೇಳ್ಕೋತೀನಿ. ಹೇಗಿದ್ರೂ ನಿನಗೆ ನಿದ್ದೆ ಬರಲ್ವಲ್ಲ.”