ಹಗ್ಗವಿಲ್ಲದ ಲಿಫ್ಟು

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಲಿಫ್ಟ್ ಮೇಸ್ತ್ರಿಗಳು ಹೆದರುಪುಕ್ಕಲರಲ್ಲ. ಹಾಗಂತ ಅವರೇ ದಿನಕ್ಕೆ ಹತ್ತು ಸಲ ಹೇಳುತ್ತಾರೆ. (ಅಷ್ಟು ಸಲ ಹೇಳಬೇಕಾದ ಅಗತ್ಯ ಯಾಕೆ ಬಂತು ಅಂತ ಮಾತ್ರ ನಾವು ಕೇಳಬಾರದು.) ಊರಿನ ಅರ್ಧ ಕಟ್ಟಡಗಳ ಲಿಫ್ಟುಗಳು ಅವರ ಸುಪರ್ದಿಯಲ್ಲಿವೆ. ಹನ್ನೆರಡನೆಯ ಮಹಡಿಯ ಎತ್ತರದಲ್ಲಿ, ಲಿಫ್ಟಿನ ಪೆಟ್ಟಿಗೆಯ ನೆತ್ತಿಯ ಮೇಲೆ ನಿಂತು, ಬಾಯಲ್ಲಿ ಟಾರ್ಚು ಕಚ್ಚಿಕೊಂಡು ಗ್ರೀಸು ಬಳಿಯುವ ಧೀರರು. ಒಳಗೆ ಸಿಕ್ಕಿಹಾಕಿಕೊಂಡವರು ಅರಚಿಕೊಂಡರೆ, "ಹೆದರಬೇಡಿ ಮೇಡಂ, ಬೀಳಲ್ಲ, ನಾನಿದೀನಲ್ಲ" ಅನ್ನುವ ಅವರ ಗಂಭೀರ ಕಂಠ ಕೇಳಿದರೆ ಸಾಕು, ಅಳುತ್ತಿದ್ದವರೂ ಮೂಗು ಒರೆಸಿಕೊಳ್ಳುತ್ತಾರೆ. ಇಂಥ ಮಹಾನುಭಾವರು ವಿಮಾನ ಅಂದ ತಕ್ಷಣ ಮಂಚದ ಕೆಳಗೆ ಜಾಗ ಇದೆಯಾ ಅಂತ ಬಗ್ಗಿ ನೋಡುತ್ತಿದ್ದರು.

ಆದದ್ದು ಇಷ್ಟೇ. ಮೇಸ್ತ್ರಿಗಳ ಹೆಂಡತಿಗೆ ಇರುವುದು ಒಬ್ಬಳೇ ಅಕ್ಕ. ಎತ್ತಿ ಆಡಿಸಿ, ಜಡೆ ಹಾಕಿ, ಬೈದು ಬೆಳೆಸಿದ ಅಕ್ಕ. ಆಕೆ ಇರುವುದು ಸಮುದ್ರದಾಚೆ, ಹದಿನಾಲ್ಕು ಗಂಟೆ ಒಂದೇ ಸಮನೆ ಹಾರಿದರೆ ಸಿಗುವಷ್ಟು ದೂರದಲ್ಲಿ. ಎರಡೂ ಮಂಡಿಗೆ ಆಪರೇಷನ್ ಆದಮೇಲೆ ಆಕೆ ಫೋನಿನಲ್ಲಿ, "ಇನ್ನು ನಾನಂತೂ ಅಷ್ಟು ದೂರ ಬರೋಳಲ್ಲ ಕಣೇ, ನೀನೇ ಬಂದು ಮುಖ ತೋರಿಸಿ ಹೋಗು" ಅಂತ ಅತ್ತಿದ್ದಳು. ಇವಳೂ ಅತ್ತಿದ್ದಳು. ವಯಸ್ಸಾದ ಅತ್ತೆಯನ್ನು ಒಬ್ಬರನ್ನೇ ಬಿಟ್ಟುಹೋಗುವುದು ಹೇಗೆ ಎಂದು ಮನೆಯ ಮೂವರಿಗೂ ವೀಸಾ ಮಾಡಿಸಿದ್ದಾಯಿತು. ಆ ವೀಸಾದ ಆಯಸ್ಸು ಈಗ ಮುಗಿಯುತ್ತಾ ಬಂದಿತ್ತು. ಈ ತಿಂಗಳು ಹೋಗದಿದ್ದರೆ ಅಕ್ಕನೂ ಇಲ್ಲ, ತಂಗಿಯೂ ಇಲ್ಲ. ಆದರೂ ಟಿಕೆಟ್ ಆಗಿರಲಿಲ್ಲ, ಯಾಕೆಂದರೆ ಟಿಕೆಟ್ ಖಾತೆಯನ್ನು ಮೇಸ್ತ್ರಿಗಳು ತಮ್ಮ ಬಳಿಯೇ ಇಟ್ಟುಕೊಂಡಿದ್ದರು.

"ನೀಲಿ ಬಾಲದ ಕಂಪನಿ ಆಗುತ್ತಾ?" ಹೆಂಡತಿ ಹೊಲಿಗೆ ಮಿಷನ್ ನಿಲ್ಲಿಸಿ ಕೇಳಿದಳು. ಮನೆಯ ಮುಂದಿನ ಕೋಣೆಯೇ ಅವಳ ಹೊಲಿಗೆ ಅಂಗಡಿ.

"ಸೀಟು ಚೆನ್ನಾಗಿದೆ. ವಿಮಾನ ಹಳೇದು."

"ಹಸಿರು ಬಾಲದ್ದು?"

"ವಿಮಾನ ಹೊಸದು. ಹೊಸದು ಅಂದ್ರೆ ಇನ್ನೂ ಪಳಗಿಲ್ಲ."

"ಹಳೇದೂ ಬೇಡ, ಹೊಸದೂ ಬೇಡ ಅಂದ್ರೆ ನಡುವಯಸ್ಸಿಂದು ನೋಡಿ. ನಿಮ್ಮ ಹಾಗೆ."

"ತಮಾಷೆ ಬೇಡ. ಅದಕ್ಕಿರೋದು ಎರಡೇ ಎಂಜಿನ್ನು. ಒಂದು ನಿಂತ್ರೆ?"

"ಇನ್ನೊಂದು ಇರುತ್ತಲ್ಲ."

"ಅದೂ ನಿಂತ್ರೆ?"

"ನಾಲ್ಕು ಎಂಜಿನ್ನಿಂದು ಇದೆಯಂತಲ್ಲ ರೀ, ಎರಡಂತಸ್ತಿಂದು?"

"ನಾಲ್ಕಿದ್ರೆ ಕೆಡೋದಕ್ಕೂ ನಾಲ್ಕಿದ್ದ ಹಾಗಾಯ್ತು!"

ಮೇಸ್ತ್ರಿಗಳ ಅಸಲಿ ತಕರಾರು ಎಂಜಿನ್ನಿನದಲ್ಲ, ಹಗ್ಗದ್ದು. ಲಿಫ್ಟನ್ನು ಐದಾರು ಉಕ್ಕಿನ ಹಗ್ಗಗಳು ಹಿಡಿದುಕೊಂಡಿರುತ್ತವೆ, ಅದೂ ಕೈಕೊಟ್ಟರೆ ಬ್ರೇಕು ಕಚ್ಚಿಕೊಳ್ಳುತ್ತದೆ. "ವಿಮಾನನ ಯಾವುದು ಹಿಡ್ಕೊಂಡಿದೆ ಹೇಳು ನೋಡೋಣ? ಗಾಳಿ! ಗಾಳಿನ ನಂಬಿ ಮುನ್ನೂರು ಜನ ಕೂತ್ಕೋತಾರೆ!" ಅಂತ ಅವರು ಮನೆಯ ಗೋಡೆಗಳನ್ನೂ ಬಿಡದೆ ಕೇಳುತ್ತಿದ್ದರು. ಹೆಂಡತಿ ದಾರ ಕಡಿಯುತ್ತಾ, "ಹಗ್ಗ ಕಟ್ಟಿದ್ರೆ ಅದು ಹಾರೋದು ಹೇಗ್ರೀ?" ಅನ್ನುತ್ತಿದ್ದಳು. ಅದು ಮೂರ್ಖ ಪ್ರಶ್ನೆ ಅಂತ ಮೇಸ್ತ್ರಿಗಳು ತೀರ್ಮಾನಿಸಿದ್ದರು.

ಟಿಕೆಟ್ ಮಾಡಿಸುವ ಆಫೀಸಿನ ಹುಡುಗಿಯೂ ಪಾಪ, ಫೋನಿನಲ್ಲಿ ಪ್ರಯತ್ನ ಮಾಡಿದಳು. "ಸಾರ್, ರೆಕ್ಕೆ ಮೇಲೆ ಸೀಟು ಕೊಡ್ಲಾ? ಕುಲುಕಾಟ ಕಮ್ಮಿ" ಅಂದಳು. ಇವರು ಎದ್ದು ನಿಂತರು. "ರೆಕ್ಕೆ ಮೇಲಾ? ಒಳಗೆ ಜಾಗ ಇಲ್ವಾ?" ಅದು ಒಳಗೇ ಇರುವ ಸೀಟು ಅಂತ ತಿಳಿಸಿ ಹೇಳುವಷ್ಟರಲ್ಲಿ ಅವಳ ಕಾಫಿ ಆರಿಹೋಯಿತು. "ಹಾಗಾದ್ರೆ ತುರ್ತು ಬಾಗಿಲ ಪಕ್ಕದ್ದು ತಗೊಳ್ಳಿ. ಕಾಲು ಆರಾಮಾಗಿ ಚಾಚಬಹುದು. ಏನಾದ್ರೂ ಆದ್ರೆ ಬಾಗಿಲು ಮಾತ್ರ ನೀವೇ ತೆಗೀಬೇಕು." ಮೇಸ್ತ್ರಿಗಳು "ಏನಾದ್ರೂ ಅಂದ್ರೆ ಏನು?" ಅಂತ ಕೇಳಿ, ಉತ್ತರಕ್ಕೆ ಕಾಯದೆ ಫೋನಿಟ್ಟರು. ಲೋಹದ ಹಕ್ಕಿ ಹಾರುವ ಮೊದಲೇ ಅವರ ಪ್ರಾಣಪಕ್ಷಿ ಹಾರಲು ಸಜ್ಜಾಗಿ ನಿಂತಿತ್ತು.

ಅವತ್ತು ಹೆಂಡತಿ ಜಗಳವಾಡಲಿಲ್ಲ. ಕತ್ತರಿ ಕೆಳಗಿಟ್ಟು, "ರೀ, ನಿಜ ಹೇಳಿ, ನಿಮಗೆ ಭಯಾನಾ?" ಅಂತ ಕೇಳಿದಳು.

ಮೇಸ್ತ್ರಿಗಳು ಮೀಸೆ ತಿರುವಿದರು. "ನನಗಾ! ನನಗೆಂಥ ಭಯ? ನನ್ನ ಚಿಂತೆಯೆಲ್ಲಾ ಅಮ್ಮಂದು ಕಣೇ. ಈ ವಯಸ್ಸಲ್ಲಿ ಹದಿನಾಲ್ಕು ಗಂಟೆ ಆ ಇಕ್ಕಟ್ಟಲ್ಲಿ ಅವಳ ಕೈಲಿ ಕೂರಕ್ಕಾಗುತ್ತಾ? ಈಗೀಗ ಸೀಟುಗಳನ್ನೂ ಚಿಕ್ಕದು ಮಾಡಿಬಿಟ್ಟಿದಾರೆ."

ಹೆಂಡತಿ ಕುತ್ತಿಗೆಗೆ ಹಾಕಿಕೊಂಡಿದ್ದ ಟೇಪನ್ನು ತೆಗೆದು ಗಂಡನ ಸೊಂಟದ ಸುತ್ತ ಬಳಸಿ ನೋಡಿದಳು. "ಸೀಟು ಚಿಕ್ಕದಾಗಿಲ್ಲ" ಅಂದಳು, ಅಷ್ಟೇ.

ಈ ಅವಮಾನದ ಬಿಸಿಯಲ್ಲೇ ಮೇಸ್ತ್ರಿಗಳಿಗೆ ಆ ದಿವ್ಯ ಉಪಾಯ ಹೊಳೆದದ್ದು. ಭಾನುವಾರ ಮನೆಯಲ್ಲೇ ಒಂದು ಪೂರ್ವಾಭ್ಯಾಸ! ಊಟದ ಮನೆಯ ಕುರ್ಚಿಗಳನ್ನು ವಿಮಾನದ ಅಳತೆಗೆ ಸರಿಯಾಗಿ ಜೋಡಿಸಿ ಎಲ್ಲರೂ ಕೂರುವುದು. ಅಮ್ಮ ಒಂದು ಗಂಟೆಯೊಳಗೆ ಸೊಂಟ ಹಿಡಿದುಕೊಂಡು "ನನ್ನ ಕೈಲಾಗಲ್ಲಪ್ಪ" ಅಂತ ಏಳುತ್ತಾಳೆ. ಅಲ್ಲಿಗೆ ಪ್ರಯಾಣ ರದ್ದು, ಕಾರಣ ಅಮ್ಮ, ಮೇಸ್ತ್ರಿಗಳ ಮೀಸೆ ಮಣ್ಣಾಗದೆ ಉಳಿಯಿತು.

ಭಾನುವಾರ ತಿಂಡಿ ಮುಗಿದ ಕೂಡಲೇ ವಿಮಾನ ಸಿದ್ಧವಾಯಿತು. ಮುಂದಿನ ಸಾಲಿನಲ್ಲಿ ಅಮ್ಮನ ಕುರ್ಚಿ. ಅದು ಹಿಂದಕ್ಕೆ ವಾಲಬೇಕಲ್ಲ, ಅದಕ್ಕೆ ಮುಂದಿನ ಕಾಲುಗಳ ಕೆಳಗೆ ಎರಡು ದಪ್ಪ ಪುಸ್ತಕ. ಹಿಂದಿನ ಸಾಲಿನಲ್ಲಿ ಗಂಡ ಹೆಂಡತಿ, ಮೊಣಕಾಲಿಗೂ ಮುಂದಿನ ಕುರ್ಚಿಗೂ ನಡುವೆ ಟೇಪು ಹಿಡಿದು ಬಿಟ್ಟ ಅಂಗೈಯಗಲ ಜಾಗ. ಸೀಟ್ ಬೆಲ್ಟು ಬೇಕೇಬೇಕು ಅಂತ ಮೇಸ್ತ್ರಿಗಳು ಪ್ಯಾಂಟಿನ ಬೆಲ್ಟು ಎರಡನ್ನು ಕೂಡಿಸಿ, ತಮ್ಮ ಸೊಂಟವನ್ನೂ ಕುರ್ಚಿಯನ್ನೂ ಬಳಸಿ ಹೆಂಡತಿಯ ಕುರ್ಚಿಯ ಬೆನ್ನಿಗೆ ಸುತ್ತಿ ಬರುವಂತೆ ಬಿಗಿದರು. ಇಬ್ಬರ ಸುರಕ್ಷತೆಯೂ ಒಂದೇ ಬಕಲಿನಲ್ಲಿ!

"ಹೊರಟ್ವಾ?" ಅಮ್ಮ ಮುಂದಿನಿಂದ ಕೇಳಿದರು. ಅವರು ಒಳ್ಳೆಯ ಸೀರೆ ಉಟ್ಟು, ಹೆಣಿಗೆ ಕಡ್ಡಿ, ಉಣ್ಣೆ ಉಂಡೆ ಹಿಡಿದು ಬಂದಿದ್ದರು.

"ಹೊರಟ್ವಿ ಅಮ್ಮ. ಕಷ್ಟ ಆದ್ರೆ ಹೇಳು, ಮುಚ್ಚಿಡಬೇಡ."

"ಕಷ್ಟ ಎಂಥದೋ? ಅಡುಗೆ ಇಲ್ಲ, ಪಾತ್ರೆ ಇಲ್ಲ, ಕೂತಲ್ಲಿಗೇ ತಟ್ಟೆ ಬರುತ್ತಂತೆ. ಮದುವೆಯಾದಾಗಿಂದ ಇಂಥ ದಿನ ನಾನು ನೋಡಿಲ್ಲ."

ಅಮ್ಮ ಹೆಣೆಯುತ್ತಾ ಕೂತರು. ಗಂಟೆ ಕಳೆಯಿತು. ಅಮ್ಮ ಹೆಣೆಯುತ್ತಲೇ ಇದ್ದರು. ಆದರೆ ಹಿಂದಿನ ಸಾಲಿನಲ್ಲಿ ಅಷ್ಟು ಹೊತ್ತಿಗೆ ಏನೇನೋ ಆಗಿಹೋಗಿತ್ತು. ಮೇಸ್ತ್ರಿಗಳ ಬಲಗಾಲು ತನ್ನಷ್ಟಕ್ಕೆ ಕುಣಿಯತೊಡಗಿ, ಇಡೀ ಸಾಲು ಗಡಗಡ ಅಂದಿತು. ಅವರ ಮೊಣಕೈ ಮೊದಲು ನಡುವಿನ ಕೈಹಿಡಿಯನ್ನು, ಆಮೇಲೆ ಹೆಂಡತಿಯ ಪಕ್ಕೆಲುಬನ್ನು ಆಕ್ರಮಿಸಿತು. ನೀರು ಕುಡಿಯಲು ಎದ್ದರು. ನೀರು ಕುಡಿದದ್ದಕ್ಕೆ ಎದ್ದರು. ಎದ್ದಾಗಲೆಲ್ಲ ಬೆಲ್ಟು ಬಿಚ್ಚಬೇಕು, ಹೆಂಡತಿ ಏಳಬೇಕು. ಫ್ರಿಜ್ಜು ಗುರ್ ಅಂದರೆ "ಕೇಳಿಸ್ತಾ? ಏನದು?" ಅಂತ ಅವಳ ಕೈ ಹಿಂಡಿದರು. ಅವಳು ಕಣ್ಣು ಮುಚ್ಚಿದರೆ, "ನಿದ್ದೆ ಮಾಡ್ತಿದೀಯಾ?" ಅಂತ ಕೇಳಿ ಎಬ್ಬಿಸಿದರು.

"ರೀ, ಹತ್ತು ನಿಮಿಷ ಸುಮ್ಮನಿರ್ತೀರಾ?"

"ನಾನೇನು ಮಾಡಿದೆ? ಅಮ್ಮನ ಬಗ್ಗೆ ಯೋಚನೆ ಮಾಡ್ತಿದೀನಿ."

ಅಷ್ಟರಲ್ಲಿ ಹೆಂಡತಿ ಗಗನಸಖಿಯಾಗಿ ಬಡ್ತಿ ಪಡೆದು ಅಡುಗೆಮನೆಗೆ ಹೋಗಿ ಮೂವರಿಗೂ ಚಹಾ ತಂದುಕೊಟ್ಟು ಮತ್ತೆ ಬಂದು ಕೂತಳು. (ಆ ಹೊತ್ತಿನ ಅವಳ ಮುಖದಲ್ಲಿ ಸಖಿಯ ಲಕ್ಷಣ ಯಾವುದೂ ಇರಲಿಲ್ಲ.) ಮೇಸ್ತ್ರಿಗಳು ಬೆಲ್ಟು ಬಿಗಿದು, ಲೋಟವನ್ನು ತೊಡೆಯ ಮೇಲಿನ ತಟ್ಟೆಯಲ್ಲಿಟ್ಟು ಬಾಯಿ ತೆರೆದರು. ಆ ಕ್ಷಣಕ್ಕೇ ಅಮ್ಮನಿಗೆ ಸ್ವಲ್ಪ ಒರಗಬೇಕು ಅನ್ನಿಸಿತು. ಒರಗಿದರು. ಕುರ್ಚಿ ಹಿಂದಕ್ಕೆ ಬಂತು, ತಟ್ಟೆ ಮಗುಚಿತು, ಬಿಸಿ ಚಹಾ ಹೋಗಬಾರದ ಕಡೆ ಹೋಯಿತು. ಮೇಸ್ತ್ರಿಗಳು ಚಂಗನೆ ನೆಗೆದರು. ಸೊಂಟಕ್ಕೆ ಕಟ್ಟಿದ ಕುರ್ಚಿ ಅವರ ಜೊತೆ ನೆಗೆಯಿತು, ಅದಕ್ಕೆ ಕಟ್ಟಿದ ಹೆಂಡತಿಯ ಕುರ್ಚಿಯೂ ಹೊರಟಿತು, ಹೆಂಡತಿ ನೆಲಕ್ಕೆ ಬಂದಳು. ಎರಡು ಕುರ್ಚಿಗಳನ್ನು ಬಾಲದಂತೆ ಎಳೆದುಕೊಂಡು ಮೇಸ್ತ್ರಿಗಳು "ಉರಿ! ಉರಿ!" ಅಂತ ಊಟದ ಮನೆ ದಾಟಿ, ಹೊಲಿಗೆ ಅಂಗಡಿಯಲ್ಲಿ ಯಾರದೋ ಹೊಸ ಪರದೆಯ ಬಟ್ಟೆಯ ರಾಶಿಯ ಮೇಲೆ ಮಕಾಡೆ ಬಿದ್ದರು.

ಅಮ್ಮ ತಿರುಗಿ ನೋಡಿದರು. "ಇಳಿದುಬಿಟ್ವಾ? ಇಷ್ಟು ಬೇಗ?" ಅಂದರು. ಇಲ್ಲ ಅಂತ ತಿಳಿದಮೇಲೆ ಸಮಾಧಾನದಿಂದ ಚಹಾ ಮುಗಿಸಿ, ಅದೇ ಕುರ್ಚಿಯಲ್ಲಿ ಸಂಜೆಯವರೆಗೂ ಕೂತರು. ನಡುವೆ ಒಂದೆರಡು ಸಲ ಬಚ್ಚಲಿಗೆ ಹೋಗಿಬಂದರು, ಉಂಡರು, ಸಣ್ಣಗೆ ಗೊರಕೆ ಹೊಡೆದರು. ಸೊಂಟ ಹಿಡಿದುಕೊಂಡು ಎಣ್ಣೆ ಹಚ್ಚಿಸಿಕೊಂಡದ್ದು ಮಗ.

ಮರುದಿನ ಕೆಲಸ ಮುಗಿಸಿ ಮೇಸ್ತ್ರಿಗಳು ಕುಂಟುತ್ತಾ ಬಂದರೆ ಹೆಂಡತಿ ಹಾಡು ಗುನುಗುತ್ತಾ ಮಿಷನ್ ತುಳಿಯುತ್ತಿದ್ದಳು. "ಟಿಕೆಟ್ ಆಯ್ತು ರೀ" ಅಂದಳು.

ಮೇಸ್ತ್ರಿಗಳು ಬಾಗಿಲ ಚೌಕಟ್ಟು ಹಿಡಿದುಕೊಂಡರು. "ಯಾವ ವಿಮಾನ? ಯಾವ ಕಂಪನಿ? ಎಷ್ಟು ಎಂಜಿನ್ನು?"

"ಅಕ್ಕನ ಊರಿಗೆ ಹೋಗೋ ವಿಮಾನ. ಎರಡು ಟಿಕೆಟ್ಟು."

ಎರಡು! ಮೇಸ್ತ್ರಿಗಳು ಒಳಗೊಳಗೇ ಚಿಗುರಿದರು. "ನೋಡು, ಅಮ್ಮನ ಕೈಲಿ ಆಗಲ್ಲ ಅಂತ ನಾನು ಮೊದಲೇ ಹೇಳಿರಲಿಲ್ವಾ? ಪಾಪ, ಅವಳನ್ನ ಒಬ್ಬಳನ್ನೇ ಬಿಟ್ಟು ನಾವಿಬ್ಬರೂ ಹೋಗೋದಾದ್ರೂ ಹೇಗೆ? ಈಗ್ಲೇ ಫೋನ್ ಮಾಡಿ ರದ್ದು..."

"ಒಂದು ನನಗೆ, ಒಂದು ಅತ್ತೆಗೆ."

ಮಿಷನ್ ನಿಂತಿತು. ಹೆಂಡತಿ ತಿರುಗಿ ಕೂತು ಸಮಾಧಾನವಾಗಿ ಹೇಳಿದಳು: "ಇಷ್ಟು ತಿಂಗಳು ವಿಮಾನ ನೋಡಿದ್ರಿ, ಸೀಟು ನೋಡಿದ್ರಿ, ಎಂಜಿನ್ ನೋಡಿದ್ರಿ. ಅದ್ಯಾವುದೂ ಮುಖ್ಯ ಅಲ್ಲ ರೀ. ದೂರದ ಪ್ರಯಾಣದಲ್ಲಿ ಮುಖ್ಯ ಅಂದ್ರೆ ಪಕ್ಕದ ಸೀಟಲ್ಲಿ ಯಾರಿದಾರೆ ಅನ್ನೋದು. ನಿನ್ನೆ ನನಗೆ ಅದು ಅರ್ಥ ಆಯ್ತು. ನನ್ನ ಪಕ್ಕೆ ಇನ್ನೂ ನೋಯ್ತಿದೆ."

"ಅಮ್ಮಾ!" ಮೇಸ್ತ್ರಿಗಳು ಕೂಗಿದರು. "ನಿನಗೆ ಭಯ ಆಗಲ್ವಾ?"

ಅಮ್ಮ ಆಗಲೇ ಪೆಟ್ಟಿಗೆಗೆ ಸೀರೆ ತುಂಬುತ್ತಿದ್ದರು. "ನನಗೆಂಥ ಭಯ ಮಗಾ? ಭಯ ಇರೋದು ನಿನಗಲ್ವಾ. ಉಯ್ಯಾಲೆಗೂ ಅಳ್ತಿದ್ದ ಮಗು ನೀನು. ಹೇಳಿದ್ರೆ ಬೇಜಾರು ಮಾಡ್ಕೋತೀಯ ಅಂತ ನಾನೂ ಇಷ್ಟು ದಿನ ಸುಮ್ಮನಿದ್ದೆ."

ಮೇಸ್ತ್ರಿಗಳು ಇಂಗು ತಿಂದ ಮಂಗನ ಹಾಗೆ ನಿಂತರು. ಆಮೇಲೆ ಮೂರು ದಿನ ಅವರು ನಿಂತಲ್ಲಿ ನಿಲ್ಲಲಿಲ್ಲ, ಕೂತಲ್ಲಿ ಕೂರಲಿಲ್ಲ. ತಾವು ಮೇಲೆ ಹೋದರೆ ಬೀಳುತ್ತೇವೆ ಅನ್ನುವುದೊಂದೇ ಇಷ್ಟು ದಿನದ ಹೆದರಿಕೆ. ಈಗ ಇನ್ನೂ ಕೆಟ್ಟದ್ದೊಂದು ಶುರುವಾಯಿತು. ಹೆಂಡತಿಯೂ ತಾಯಿಯೂ ಮೇಲೆ, ತಾವೊಬ್ಬರೇ ಕೆಳಗೆ! ಖಾಲಿ ಮನೆಯಲ್ಲಿ ಆಕಾಶ ನೋಡಿಕೊಂಡು ಹದಿನಾಲ್ಕು ಗಂಟೆ! ಅದಕ್ಕಿಂತ ಜೊತೆಯಲ್ಲಿ ಬೀಳುವುದೇ ವಾಸಿ ಅನ್ನಿಸಿ, ಲಿಫ್ಟಿನ ಮೋಟಾರು ಬಿಚ್ಚುತ್ತಿದ್ದವರು ಅದನ್ನು ಹಾಗೇ ಬಿಟ್ಟು ಮನೆಗೆ ಓಡಿಬಂದರು.

"ನಾನೂ ಬರ್ತೀನಿ" ಅಂದರು, ಏದುಸಿರು ಬಿಡುತ್ತಾ.

ಹೆಂಡತಿಯ ಕಣ್ಣು ಒಂದು ಗಳಿಗೆ ಒದ್ದೆಯಾಯಿತು. ಆದರೆ ಕೈ ಪಕ್ಕೆಲುಬಿನ ಮೇಲೆ ಹೋಯಿತು. "ಬನ್ನಿ, ಬೇಡ ಅಂದವರು ಯಾರು? ಬೇರೆ ವಿಮಾನದಲ್ಲಿ ಬನ್ನಿ."

ಮೇಸ್ತ್ರಿಗಳು ಟಿಕೆಟ್ ಆಫೀಸಿನ ಹುಡುಗಿಯ ಮುಂದೆ ಕೈ ಮುಗಿದು ನಿಂತರು. ಅದೇ ವಿಮಾನದಲ್ಲಿ ಉಳಿದಿದ್ದದ್ದು ಒಂದೇ ಸೀಟು: ಕೊನೆಯ ಸಾಲು, ನಟ್ಟನಡುವಿನದು, ಹಿಂದಕ್ಕೆ ವಾಲದ್ದು, ಬೆನ್ನಿಗೇ ಶೌಚಾಲಯ. "ಬೇಡ ಅಲ್ವಾ ಸಾರ್?" ಅಂತ ಅವಳೇ ಹೇಳಿ ಕಂಪ್ಯೂಟರ್ ಆರಿಸಲು ಹೋದಳು. "ಕೊಡಮ್ಮ ತಾಯಿ, ಕೊಡು!" ಅಂದರು ಮೇಸ್ತ್ರಿಗಳು. ಎಂಜಿನ್ ಎಷ್ಟು ಅಂತ ಕೇಳಲೇ ಇಲ್ಲ.

ಕೊನೆಗೂ ವಿಮಾನ ಏರಿತು. ಮೇಸ್ತ್ರಿಗಳ ಎಡಕ್ಕೊಬ್ಬ, ಬಲಕ್ಕೊಬ್ಬ ಆಜಾನುಬಾಹು, ಇಬ್ಬರೂ ಏರುವ ಮೊದಲೇ ನಿದ್ದೆ ಹೋಗಿದ್ದರು. ಇವರು ಇಬ್ಬರಲ್ಲೊಬ್ಬರನ್ನು ದಾಟಿಕೊಂಡು ಎದ್ದು, ಸೀಟುಗಳ ಬೆನ್ನು ಹಿಡಿದು ಹಿಡಿದು ಮುಂದೆ ಹೋಗಿ, ಹೆಂಡತಿ ತಾಯಿ ಇದ್ದಾರಾ ಅಂತ ನೋಡಿ ಬಂದರು. (ಹಾರುವ ವಿಮಾನದಿಂದ ಎಲ್ಲಿ ಹೋಗುತ್ತಾರೆ ಅಂತ ನೀವು ಕೇಳಬಹುದು. ಅವರು ಅದನ್ನು ಕೇಳಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ.) ಮತ್ತೆ ಹೋದರು. ಹೆಂಡತಿಯ ಬೆಲ್ಟು ಜಗ್ಗಿ ನೋಡಿದರು. ಮತ್ತೂ ಹೋದರು. ಈ ಸಲ ವಿಮಾನ ಸ್ವಲ್ಪ ಕುಲುಕಿತು. ಮೇಸ್ತ್ರಿಗಳು ತಾಯಿಯ ಸೀಟನ್ನು ತಬ್ಬಿಕೊಂಡು, ಕಣ್ಣು ಮುಚ್ಚಿ, "ಬೀಳಲ್ಲ, ಬೀಳಲ್ಲ" ಅಂತ ಗಟ್ಟಿಯಾಗಿ ಹೇಳತೊಡಗಿದರು. ಸುತ್ತಲಿನವರು ಗಾಬರಿಯಿಂದ ಎದ್ದು ಕೂತರು. ಗಗನಸಖಿ ಓಡಿಬಂದಳು.

"ಮೇಡಂ, ಇವರು ನಿಮ್ಮ ಕಡೆಯವರಾ?"

ಹೆಂಡತಿ ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡು ಗಾಢನಿದ್ರೆಗೆ ಜಾರಿದಳು. ಗಗನಸಖಿ ಅಮ್ಮನ ಕಡೆ ತಿರುಗಿದಳು. ಅಮ್ಮ ಹೆಣಿಗೆ ನಿಲ್ಲಿಸಿ, ಕನ್ನಡಕ ಸರಿಮಾಡಿಕೊಂಡು, ತಾವು ಹೆತ್ತ ಮಗನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿದರು.

"ಗೊತ್ತಿಲ್ಲಮ್ಮ" ಅಂದರು. "ಯಾರೋ ಪಾಪ, ತುಂಬ ಹೆದರಿಕೊಂಡಿದಾರೆ. ಕರ್ಕೊಂಡು ಹೋಗಿ ಅವರ ಮನೆಯವರ ಹತ್ತಿರ ಬಿಡು."